ಮೈ ಯಾರ ಸೊತ್ತು?

ನಮ್ಮ ದುಧನಿ ಭಾಗದ ಭಜನಿ ಮ್ಯಾಳದಾಗ ಕೂತವರಿಗೆಲ್ಲ ಗೊತ್ತಿರೋ ಮಾತೊಂದದ: ಈ ಶರೀರ ನಮ್ಮದಲ್ಲ, ನಾಕು ದಿನದ್ದು. ತತ್ವಪದ ಹಾಡುವ ನಾನೂ ಇದನ್ನೇ ಹಾಡುತ್ತ ಬಂದೇನಿ. ಈಗಿನ ಹುಡುಗರು ಅದೇ ಮಾತು ಹಿಡಿದು ಕೇಳತಾರ: “ಶರೀರ ನಮ್ಮದಲ್ಲ ಅಂತ ಹಾಡತೀರಿ, ಮತ್ತ ದಿನಾ ಮುಂಜಾನೆ ಬಿ.ಪಿ. ಗುಳಿಗಿ ಯಾಕ ನುಂಗತೀರಿ ಕಾಕಾ? ಹಣ್ಯಾಗ ಬರೆದದ್ದು ತಪ್ಪತದೇನು?”

ನಕ್ಕು ಬಿಡುವ ಪ್ರಶ್ನೆ ಇದಲ್ಲ.

ಹಿಂಗಾರಿ ಬಿತ್ತಿಗಿಗೆ ಮಗ್ಗಲ ಹೊಲದವರ ಕೂರಿಗಿ ತರತೀವಿ. ನಮ್ಮ ಕೂರಿಗಿ ಮಳ್ಯಾಗ ನೆನೆದರ ಕೇಳುವವರಿಲ್ಲ. ತಂದ ಕೂರಿಗಿಯನ್ನು ಮಾತ್ರ ಮಣ್ಣು ಒರೆಸಿ, ನೆರಳಿಗಿಟ್ಟು, ಹೇಳಿದ ದಿನಕ್ಕ ಮುಟ್ಟಸತೀವಿ. ನಮ್ಮದಲ್ಲ ಅನ್ನೋದಕ್ಕೇ ಜ್ವಾಕಿ ಹೆಚ್ಚು. ಮೈ ಕೂಡ ಕೊಟ್ಟವನದು ಅಂದಮ್ಯಾಲೆ ಹಾಳು ಮಾಡಲಿಕ್ಕೆ ನಮಗೇನು ಅಧಿಕಾರ?

“ನಾ ಸಾಯಲಿಕ್ಕೆ ಅಂಜಂಗಿಲ್ಲ” ಅನ್ನುವ ಧೈರ್ಯವಂತರೂ ಇದ್ದಾರೆ. ಅಂಜಬ್ಯಾಡರಿ. ಆದರೆ ಲಕ್ವಾ ಅಂದರೆ ಬರೀ ಸಾವಲ್ಲ. ಎಷ್ಟೋ ಸಲ ಅದು ಜೀವ ಬಿಟ್ಟು ಒಂದು ಕೈ, ಒಂದು ಕಾಲು, ಬಾಯಾಗಿನ ಮಾತು ಒಯ್ಯತದ. ಆಮ್ಯಾಲೆ ಉಣಿಸುವಾಕಿ ಹೆಂಡತಿ, ತೊಳೆಯುವಾಕಿ ಸೊಸಿ, ಸಾಲಿ ಬಿಟ್ಟು ಹೊಲಕ್ಕೆ ಹೋಗುವವ ಮೊಮ್ಮಗ. ನಮ್ಮ ಧೈರ್ಯದ ಸಾಲ ಅವರು ತೀರಿಸಬೇಕು. ಅದಕ್ಕೇ ಗುಳಿಗಿ ನುಂಗುವುದು ಸಾವಿನ ಅಂಜಿಕಿಯಲ್ಲ, ಮನಿ ಮಂದಿಯ ಮ್ಯಾಲಿನ ಮರ್ಯಾದಿ.

ಮಿದುಳಿಗೆ ರಕ್ತ ಒಯ್ಯುವ ನಾಳದಾಗ ಗಂಟು ಸಿಕ್ಕರೆ, ಇಲ್ಲಾ ನಾಳ ಒಡೆದರೆ ಲಕ್ವಾ ಆಗತದ. ಪೈಪಿನ್ಯಾಗ ನೀರಿನ ಜೋರು ಹೆಚ್ಚಾದರೆ ಪೈಪು ಸವೆಯುವಂತೆ ಬಿ.ಪಿ. ನಾಳಗಳನ್ನು ಕೆಡಿಸತದ, ಹೃದಯಕ್ಕೂ ಭಾರ ಹಾಕತದ. ಮತ್ತ ಅದು ಮುಗುಮ್ಮಾಗಿ ಬರುವ ಕಳ್ಳ. ತಲಿ ನೋಯಂಗಿಲ್ಲ, ಮೈ ಬಿಸಿ ಆಗಂಗಿಲ್ಲ. “ಆರಾಮ ಅದೀನಿ” ಅಂತ ಗುಳಿಗಿ ಬಿಡುವವರು, ಗುಳಿಗಿಯಿಂದಲೇ ಆರಾಮ ಇರೋದನ್ನ ಮರೀತಾರ. ಸರಕಾರಿ ದವಾಖಾನ್ಯಾಗ ರೊಕ್ಕಿಲ್ಲದೆ ಬಿ.ಪಿ. ನೋಡತಾರ. ಮ್ಯಾಲಿ ಮ್ಯಾಲೆ ನೋಡಿದಾಗಲೂ 140/90 ದಾಟುತ್ತಿದ್ದರೆ ಡಾಕ್ಟರ ಮಾತು ಕೇಳಬೇಕು.

ಜ್ವಾಳದ ರೊಟ್ಟಿ ತಪ್ಪು ಮಾಡಿಲ್ಲ. ಅದರ ಮಗ್ಗಲಿನ ಉಪ್ಪಿನಕಾಯಿ, ಹಪ್ಪಳ ನೋಡಬೇಕು. ದಿನಕ್ಕೆ ಎಲ್ಲಾ ಸೇರಿ 5 ಗ್ರಾಮಿನೊಳಗೆ, ಅಂದರೆ ಒಂದು ಸಣ್ಣ ಚಮಚದೊಳಗೆ ಉಪ್ಪಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತದ. ಬೀಡಿ, ತಂಬಾಕು, ಸೆರೆ ಇವೂ ಲಕ್ವಾದ ಬಳಗವೇ. ಸಕ್ಕರಿ ಬ್ಯಾನಿ ಇದ್ದವರು ಅದನ್ನೂ ಹತೋಟಿಯೊಳಗೆ ಇಡಬೇಕು.

ಮಾಸ್ತರರು ಸಾಲಿ ಹುಡುಗರಿಗೆ ಮೂರು ಗುರುತು ಕಲಿಸಬೇಕಂತ ನನ್ನ ವಿನಂತಿ: ನಕ್ಕರೆ ಮಾರಿ ಒಂದು ಕಡೆ ಸೊಟ್ಟ ಆಗೋದು, ಎರಡೂ ಕೈ ಎತ್ತಿದರೆ ಒಂದು ಕೆಳಗೆ ಜಾರೋದು, ಮಾತು ತೊದಲೋದು. ಇದರಾಗ ಒಂದು ಕಂಡರೂ ನೀರು ಕುಡಿಸಬಾರದು, ಎಣ್ಣಿ ತಿಕ್ಕುತ್ತ ಕೂಡಬಾರದು, ಬೇರು ಹುಡುಕುತ್ತ ಹೋಗಬಾರದು. 108ಕ್ಕೆ ಫೋನು ಮಾಡಿ ಸ್ಕ್ಯಾನ್ ಮಷೀನು ಇದ್ದ ದೊಡ್ಡ ದವಾಖಾನಿ ಮುಟ್ಟಬೇಕು. ನಮಗೆ ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ಕಲಬುರಗಿ. ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗತದ.

ಎಲ್ಲಾ ಪಥ್ಯ ಮಾಡಿದವರಿಗೂ ಲಕ್ವಾ ಬರತದಲ್ಲ, ಆಗೇನು? ಬರತದ, ಖರೆ. ಆಗ ಅವರಿಗೆ “ಮಾಡಿದ ಕರ್ಮ” ಅನ್ನುವುದೂ ಪಾಪವೇ. ಮಳಿ ನಮ್ಮ ಕೈಯಾಗಿಲ್ಲ. ಹೊಲಕ್ಕ ಒಡ್ಡು ಹಾಕೋದು ನಮ್ಮ ಕೈಯಾಗದ. ದೊಡ್ಡ ಮಳಿಗೆ ಒಡ್ಡು ಒಡೀತಂತ ಮುಂದಿನ ವರ್ಷ ಒಡ್ಡು ಹಾಕದೆ ಬಿಡುವ ಒಕ್ಕಲಿಗ ಯಾರಿದ್ದಾನ? ಹಣೆಬರಹ ನಂಬುವವರೂ ಒಡ್ಡು ಹಾಕಿಯೇ ನಂಬಬೇಕು.