ಎರವಲು ತಂದ ಪುಸ್ತಕ ಯಾರದು?

ನಮ್ಮ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಾಲಯ ಎಂದರೆ ಬಹಳ ಕಡೆ ಒಂದು ಕಬ್ಬಿಣದ ಬೀರು. ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯಲ್ಲಿ, ಹಳೆಯ ಹಾಜರಿ ಪುಸ್ತಕ, ಆಟದ ಸಾಮಾನುಗಳ ಪಕ್ಕದಲ್ಲಿ ಅದು ನಿಂತಿರುತ್ತದೆ. ಒಳಗೆ ಒಳ್ಳೆಯ ಪುಸ್ತಕಗಳೇ ಇರುತ್ತವೆ, ಹೊರಗೆ ಬೀಗವೂ ಇರುತ್ತದೆ. ಇದಕ್ಕೆ ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ದಾಸ್ತಾನು ವಹಿಯಲ್ಲಿ ಏರಿದ ಪ್ರತಿ ಪುಸ್ತಕಕ್ಕೂ ಒಂದು ನಂಬರಿದೆ, ವರ್ಗವಾಗಿ ಹೋಗುವಾಗ ಅದರ ಲೆಕ್ಕ ಒಪ್ಪಿಸಬೇಕು. ಕಳೆದುಹೋದ ಪುಸ್ತಕಕ್ಕೆ ಯಾರು ಹೊಣೆ ಎಂದು ವಹಿ ಕೇಳುತ್ತದೆ. ಯಾರೂ ಓದದೆ ಉಳಿದ ಪುಸ್ತಕಕ್ಕೆ ಯಾರು ಹೊಣೆ ಎಂದು ಕೇಳುವ ಕಾಲಂ ಅದರಲ್ಲಿಲ್ಲ.

ಎಂಟು ವರ್ಷದ ಮಗುವಿನ ಕೈಗೆ ಪುಸ್ತಕ ಕೊಟ್ಟರೆ ಅದು ಹರಿಯಬಹುದು ಎಂದು ಗೊತ್ತಿದ್ದೇ ಕೊಡುತ್ತೇವೆ. ಹರಿದಾಗ ತಪ್ಪು ಯಾರದು? ಮಗುವಿನದೋ, ಕೊಟ್ಟವರದೋ? ಅಥವಾ ಅಲ್ಲಿ ತಪ್ಪು ಎಂಬುದೇ ಇಲ್ಲವೋ?

ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ ಎಂಬುದು ಮೊದಲನೆಯದು. ಇಷ್ಟು ಸರಳ ಮಾತನ್ನೂ ಸೂತ್ರವಾಗಿ ಹೇಳಬೇಕಾಯಿತು ಎಂಬುದರಲ್ಲೇ ಒಂದು ಕತೆಯಿದೆ. ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ಕೆಥೆಡ್ರಲ್‌ನಲ್ಲಿ ಅಂಥ ಗ್ರಂಥಾಲಯವನ್ನು ಇಂದಿಗೂ ನೋಡಬಹುದು. ಆದರೆ ಆ ಸರಪಳಿ ಓದುವ ಮೇಜಿನವರೆಗಾದರೂ ಬರುವಷ್ಟು ಉದ್ದವಿರುತ್ತಿತ್ತು. ನಮ್ಮ ಬೀರುವಿನ ಬೀಗಕ್ಕೆ ಆ ಔದಾರ್ಯವೂ ಇಲ್ಲ.

ಇದರ ಹಿಂದೆ ಬರೀ ಆಡಿಟ್ ಭಯ ಮಾತ್ರ ಇಲ್ಲ, ನಮ್ಮ ಭಕ್ತಿಯೂ ಇದೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ನಾವು. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗೆ ಇಟ್ಟರೆ, ತೆಗೆಯುವವರೆಗೆ ಓದುವಂತಿಲ್ಲ. ಹಾಗೆಂದು ಜೋಪಾನ ಮಾಡುವುದೇ ತಪ್ಪು ಎನ್ನಲಾಗದು. ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಪ್ರತಿ ಮಾಡುತ್ತಿದ್ದ ಲಿಪಿಕಾರರು ಕೊನೆಯಲ್ಲಿ ಓದುಗರಿಗೆ ಒಂದು ಬೇಡಿಕೆ ಇಡುವುದಿತ್ತು: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಕಟ್ಟು ಸಡಿಲವಾಗದಂತೆ ನೋಡಿಕೊಳ್ಳಿ, ಮೂರ್ಖರ ಕೈಗೆ ಕೊಡಬೇಡಿ. ಗಮನಿಸಬೇಕಾದ್ದು, ಈ ಬೇಡಿಕೆ ಪುಸ್ತಕವನ್ನು ಕೈಯಲ್ಲಿ ಹಿಡಿದವರಿಗೆ. ಬೀಗದ ಕೈ ಇಟ್ಟುಕೊಂಡವರಿಗಲ್ಲ. ಮಗುವಂತೂ ಮೂರ್ಖನಲ್ಲ, ಅದರ ಕೈ ಇನ್ನೂ ಪಳಗಿಲ್ಲ ಅಷ್ಟೆ. ಪುಸ್ತಕ ಹಿಡಿಯದೆ ಕೈ ಪಳಗುವುದಾದರೂ ಹೇಗೆ?

ಎರವಲು ಎಂಬುದು ನಮಗೆ ಹೊಸದಲ್ಲ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಬೇರೆ ಸಕ್ಕರೆ ಹಿಂದಿರುಗಿಸುತ್ತೇವೆ. ಪುಸ್ತಕದಲ್ಲಿ ಹಾಗಾಗದು, ತಂದದ್ದನ್ನೇ ಕೊಡಬೇಕು. ಇನ್ನೊಂದು ವ್ಯತ್ಯಾಸವೂ ಇದೆ. ಸಕ್ಕರೆಯ ಸಾಲ ಕೊಟ್ಟವರಿಗೆ ತೀರುತ್ತದೆ. ಗ್ರಂಥಾಲಯದ ಪುಸ್ತಕದ ಸಾಲ ತೀರಬೇಕಾದ್ದು ಮೇಷ್ಟ್ರಿಗಲ್ಲ, ಮುಂದೆ ಅದನ್ನು ಓದಲಿರುವ ಮಗುವಿಗೆ. ಅದು ಯಾರೆಂದು ಗೊತ್ತಿಲ್ಲ, ಇನ್ನೂ ಶಾಲೆಗೇ ಸೇರಿಲ್ಲದಿರಬಹುದು. ಪತ್ತೇದಾರಿ ಕತೆಯ ಕೊನೆಯ ಪುಟ ಹರಿದರೆ ನಷ್ಟ ಅದಕ್ಕೆ. ತನ್ನದಲ್ಲದ್ದನ್ನು ಕೆಲವು ದಿನ ತನ್ನದರಂತೆ ನೋಡಿಕೊಂಡು, ಕಾಣದವರಿಗಾಗಿ ಬಿಟ್ಟುಕೊಡುವುದು ದೊಡ್ಡವರಿಗೂ ಕಷ್ಟದ ಪಾಠ. ಕೆರೆ, ಕಾಡುಗಳ ವಿಷಯದಲ್ಲಿ ನಾವು ಅದರಲ್ಲಿ ಪಾಸಾಗಿಲ್ಲ.

ದಂಡ ಹಾಕಿದರೆ ಈ ಪಾಠ ಕಲಿಸಿದಂತಾಗುವುದಿಲ್ಲ. ದಂಡವೆಂದರೆ ಮಗು ಹರಿದ ಪುಸ್ತಕವನ್ನು ಬಚ್ಚಿಡುತ್ತದೆ. ಕೂಲಿಗೆ ಹೋಗುವ ತಾಯಿ ‘ಅದನ್ನು ಮನೆಗೆ ತರಲೇಬೇಡ, ಹರಿದರೆ ದುಡ್ಡು ಯಾರು ಕಟ್ಟೋದು’ ಎನ್ನುತ್ತಾಳೆ. ಅಮೆರಿಕದ ಷಿಕಾಗೋ ನಗರದ ಸಾರ್ವಜನಿಕ ಗ್ರಂಥಾಲಯಗಳು 2019ರಲ್ಲಿ ತಡವಾದದ್ದಕ್ಕೆ ಹಾಕುವ ದಂಡವನ್ನು ಕೈಬಿಟ್ಟಾಗ, ಎಷ್ಟೋ ಕಾಲದಿಂದ ಬಾರದಿದ್ದ ಪುಸ್ತಕಗಳು ಹಿಂದೆ ಬಂದವು. ಪುಸ್ತಕಗಳನ್ನು ಮನೆಯಲ್ಲೇ ಉಳಿಸಿದ್ದು ಮರೆವೊಂದೇ ಅಲ್ಲ, ಹೆದರಿಕೆಯೂ ಹೌದು. ಹೀಗಾಗಿ ಕೆಲವು ಶಾಲೆಗಳು ದಂಡದ ಬದಲು ‘ಪುಸ್ತಕದ ಆಸ್ಪತ್ರೆ’ ಎಂದು ಒಂದು ಪೆಟ್ಟಿಗೆ ಇಡುತ್ತವೆ. ಗಾಯವಾದ ಪುಸ್ತಕವನ್ನು ಮಗು ತಾನೇ ತಂದು ಅದರಲ್ಲಿ ಹಾಕುತ್ತದೆ, ಮೈದಾ ಅಂಟು, ತೆಳುಕಾಗದ ಹಿಡಿದು ಮೇಷ್ಟ್ರ ಜೊತೆ ಕೂತು ಅಂಟಿಸುತ್ತದೆ. ತಪ್ಪನ್ನು ಒಪ್ಪುವುದಕ್ಕೂ ಸರಿಮಾಡುವುದಕ್ಕೂ ಅಲ್ಲಿ ದಾರಿಯಿದೆ.

ಈ ರಗಳೆಯೆಲ್ಲ ಯಾಕೆ, ಈಗ ಪರದೆ ಇದೆಯಲ್ಲ ಎನ್ನಬಹುದು. ನಿಜ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ಬೀರುವೇ ಇಲ್ಲದ ಶಾಲೆಗೆ ಅದು ವರ. ಆ ಪುಸ್ತಕ ಹರಿಯುವುದಿಲ್ಲ, ನೆನೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಒಂದೇ ಹೊತ್ತಿಗೆ ನೂರು ಮಕ್ಕಳು ಓದಬಹುದು. ಆದರೆ ಅಲ್ಲಿ ಯಾರೂ ಯಾರಿಗಾಗಿಯೂ ಕಾಯುವುದಿಲ್ಲ, ಹಿಂದಿರುಗಿಸುವ ಮಾತೇ ಇಲ್ಲ. ಕತೆ ಸಿಗುತ್ತದೆ, ಎರವಲು ಕಲಿಸುವ ಪಾಠ ಸಿಗುವುದಿಲ್ಲ. ಜೊತೆಗೆ, ಪರದೆಯ ಮೇಲಿನ ಪುಸ್ತಕ ಯಾರ ವಶದಲ್ಲಿದೆ ಎಂಬುದೂ ಪ್ರಶ್ನೆಯೇ. 2009ರಲ್ಲಿ ಅಮೆಜಾನ್, ಹಕ್ಕಿನ ತಕರಾರಿನಿಂದಾಗಿ, ಜಾರ್ಜ್ ಆರ್ವೆಲ್‌ನ ‘1984’ರ ಪ್ರತಿಗಳನ್ನು ಕೊಂಡವರ ಕಿಂಡಲ್‌ನಿಂದ ದೂರದಿಂದಲೇ ಅಳಿಸಿಹಾಕಿತ್ತು. ಆದ್ದರಿಂದ ಪರದೆ ಬೀರುವಿನ ಜೊತೆಗಿರಲಿ, ಬೀರುವಿಗೆ ಬದಲಾಗಿ ಬೇಡ.

ಮಕ್ಕಳಿಗೆ ಕೊಡುತ್ತಾ ಹೋದರೆ ಕೆಲವು ವರ್ಷದಲ್ಲಿ ಬೀರು ಖಾಲಿಯಾಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಇದಕ್ಕೆ ಕೇಂದ್ರ ಸರಕಾರದ 2017ರ ಹಣಕಾಸು ನಿಯಮಗಳಲ್ಲೇ ಒಂದು ಉತ್ತರವಿದೆ. ಗ್ರಂಥಾಲಯಗಳಲ್ಲಿ ವರ್ಷಕ್ಕೆ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ, ಅದರಲ್ಲಿ ಮೋಸವೋ ನಿರ್ಲಕ್ಷ್ಯವೋ ಇಲ್ಲದಿದ್ದರೆ, ಅದು ಸಹಜ ನಷ್ಟ ಎಂದು ಆ ನಿಯಮ ಒಪ್ಪುತ್ತದೆ. ಲೆಕ್ಕ ಹಾಕುವುದು ಇಟ್ಟ ಪುಸ್ತಕಕ್ಕಲ್ಲ, ಕೊಟ್ಟ ಪುಸ್ತಕಕ್ಕೆ. ಮಕ್ಕಳ ಕೈಯಲ್ಲಿ ಐದಕ್ಕಿಂತ ಹೆಚ್ಚೇ ಹೋಗಬಹುದು, ಅದಕ್ಕೆ ತಕ್ಕಂತೆ ಹೊಸ ಪುಸ್ತಕಕ್ಕೆ ಹಣ ಇಡಬೇಕಾಗುತ್ತದೆ. ಸೀಮೆಸುಣ್ಣವೂ ಸಾರ್ವಜನಿಕರ ದುಡ್ಡಿನದೇ. ಅದು ಸವೆಯಿತೆಂದು ಯಾರೂ ಮೇಷ್ಟ್ರಿಗೆ ನೋಟೀಸು ಕೊಡುವುದಿಲ್ಲ, ಸವೆಯದೆ ಉಳಿದರೆ ಪಾಠ ನಡೆದಿಲ್ಲ ಎಂದು ಅನುಮಾನಿಸುತ್ತಾರೆ. ಪುಸ್ತಕದ ವಿಷಯದಲ್ಲೂ ಅಷ್ಟು ಅನುಮಾನ ನಮಗೆ ಬರಬೇಕು.