ಕರ್ತೃವೂ ಕರಣವೂ

ಆಷಾಢಮಾಸದ ಬೆಳಗಿನಲ್ಲಿ ಗೋಕಾಕದಿಂದ ಹುಕ್ಕೇರಿಯ ಕಡೆಗೆ ಸೈಕಲ್ಲು ತುಳಿದವನಿಗೆ ಗಾಳಿಯ ಬಲವನ್ನು ಯಾವ ಶಾಸ್ತ್ರವೂ ಬೋಧಿಸಬೇಕಾದುದಿಲ್ಲ. ಘಟ್ಟದ ಕಡೆಯಿಂದ ಬೀಸುವ ಪಡುವಣ ಗಾಳಿಯು ನೇರವಾಗಿ ಎದೆಗೆ ಬಂದು ನಿಲ್ಲುವುದು. ಮೂಡಲಗಿಯ ದಾರಿ ಹಿಡಿದರೆ ಅದೇ ಗಾಳಿಯು ಹಿಂದಿನಿಂದ ಓರೆಯಾಗಿ ಬಂದು, ಒಮ್ಮೆ ಮುಂದಕ್ಕೆ ನೂಕಿ ಒಮ್ಮೆ ಪಕ್ಕಕ್ಕೆ ತಳ್ಳುವುದು. ಸಮನೆಲದಲ್ಲಿ ಗಂಟೆಗೆ 40 ಕಿಲೋಮೀಟರಿನ ವೇಗದಿಂದ ಹೋಗುವವನ ಶ್ರಮದಲ್ಲಿ ಹತ್ತಕ್ಕೆ ಸುಮಾರು ಎಂಟು ಪಾಲು ಈ ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗವು ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುವುದು. ಅದನ್ನು ಗೆಲ್ಲಲು ಬೇಕಾದ ಶಕ್ತಿಯು ಎಂಟುಮಡಿಯಾಗುವುದು.

ಈ ತಡೆಯನ್ನು ತುಸು ತಗ್ಗಿಸಲೆಂದು ಹುಟ್ಟಿದುವು ಕಾರ್ಬನ್ನಿನ ಗಾಲಿಗಳು. ಕಾರ್ಬನ್ನಿನ ನವಿರಾದ ಎಳೆಗಳನ್ನು ಪದರಪದರವಾಗಿ ಹಾಸಿ, ರಾಳದಂತಹ ಅಂಟಿನಿಂದ ಬೆಸೆದು, ಅಚ್ಚಿನಲ್ಲಿ ಕಾಯಿಸಿ ಗಟ್ಟಿಮಾಡಿದ ರಿಮ್ಮು ಇವುಗಳ ವಿಶೇಷ. ಪ್ರಾಚೀನರು ನೇಮಿಯೆಂದು ಕರೆದ ಈ ಭಾಗವು ಸಾಮಾನ್ಯ ಗಾಲಿಯಲ್ಲಿ ಕಿರಿದಾಗಿರುವುದು. ಇವುಗಳಲ್ಲಾದರೋ ನಾಭಿಯ ಕಡೆಗೆ 40, 50, 60 ಮಿಲಿಮೀಟರುಗಳವರೆಗೂ ಇಳಿದಿರುವುದು. ಗಾಳಿಯು ಅದರ ಬದಿಗಳನ್ನು ಸವರಿಕೊಂಡು ಹೆಚ್ಚು ಕಲಕದೆ ಹರಿದುಹೋಗುವುದು. ಒಂದು ಜೊತೆಯ ಬೆಲೆ ಲಕ್ಷ ರೂಪಾಯಿಯ ಆಚೀಚೆ; ಹೆಸರುಳ್ಳವಾದರೆ ಅದರ ಎರಡು ಮೂರರಷ್ಟು. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳ ಒಕ್ಕಲುಮನೆಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕ ಗಳಿಸುತ್ತ ಬಂದಿರುವುದರಿಂದ, ಈ ಬೆಲೆಯ ಮಾತು ದೂರದ ಶ್ರೀಮಂತರ ವಿನೋದವಾಗಿ ಉಳಿದಿಲ್ಲ.

ಮೂಡಲಗಿಯ ಸೀಮೆಯ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಹದಿನೇಳು ವರ್ಷದ ಮಗನು ಜಾತ್ರೆಯ ಸೈಕಲ್ ಶರ್ಯತ್ತುಗಳಲ್ಲಿ ಗೆದ್ದು, ಜಿಲ್ಲೆಯ ಪಂದ್ಯದಲ್ಲಿ ನಾಲ್ಕನೆಯವನಾಗಿ ಬಂದಿದ್ದಾನೆ. ಮುಂದೆ ಹೋದ ಮೂವರ ಗಾಲಿಗಳೂ ಕಾರ್ಬನ್ನಿನವು. ಕಬ್ಬಿನ ಬಿಲ್ಲು ಬಂದ ವಾರದಲ್ಲಿಯೇ ಅವನು ಬಾಯಿಬಿಡುತ್ತಾನೆ: “ಅಪ್ಪಾ, ನಾ ಕಾಲಿಲೆ ಸೋತಿಲ್ಲ, ಗಾಲಿಲೆ ಸೋತೇನಿ.” ಅದೇ ಹಣದಲ್ಲಿ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕವೂ ಅಡಗಿದೆ. ತಂದೆಯು ಏನು ಮಾಡತಕ್ಕದ್ದು?

ಹುಡುಗನು ಅರಿಯದೆಯೇ ತೃತೀಯಾ ವಿಭಕ್ತಿಯನ್ನು ಪ್ರಯೋಗಿಸಿದ್ದಾನೆ. ಕರಣಕ್ಕೆ ವ್ಯಾಕರಣವು ವಿಧಿಸಿದ ವಿಭಕ್ತಿಯದು. ಪಾಣಿನಿಯು ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದೂ, ಕ್ರಿಯೆಯ ಸಿದ್ಧಿಗೆ ಮಿಕ್ಕೆಲ್ಲಕ್ಕಿಂತ ಹೆಚ್ಚಾಗಿ ಒದಗುವುದನ್ನು ಕರಣವೆಂದೂ ವಿಂಗಡಿಸಿದನು. ಆದರೆ ಲೋಕವು ಕೊಡಲಿಯೇ ಕಡಿಯುತ್ತದೆ, ಮಡಕೆಯೇ ಅಡುತ್ತದೆ ಎಂದೂ ಹೇಳುವುದುಂಟು. ಹೇಳುವವನ ಇಷ್ಟದಂತೆ ಕರಣವು ಕರ್ತೃವಿನ ಪೀಠವನ್ನೇರಬಹುದೆಂಬುದನ್ನು ವೈಯಾಕರಣರೂ ಒಪ್ಪಿದ್ದಾರೆ. ಮಾತಿನ ಮಟ್ಟಿಗೆ ಇದು ದೋಷವಲ್ಲ. ಆದರೆ ಸೋತವನು ಈ ಸ್ವಾತಂತ್ರ್ಯವನ್ನು ಬಳಸಿಕೊಂಡು ಸೋಲನ್ನೆಲ್ಲ ಗಾಲಿಯ ಮೇಲೆ ಹೊರಿಸುವನು. ಗೆದ್ದವನೋ, ಅದೇ ಗಾಲಿಯ ಹೆಸರನ್ನೇ ಎತ್ತುವುದಿಲ್ಲ. ವಿಭಕ್ತಿಯನ್ನು ಹೀಗೆ ಅನುಕೂಲಕ್ಕೆ ತಕ್ಕಂತೆ ಬದಲಿಸುವಲ್ಲಿಯೇ ನೀತಿಯ ಪ್ರಶ್ನೆಯು ಹುಟ್ಟುವುದು.

ಈ ಗೊಂದಲವು ಹಳ್ಳಿಯ ಹುಡುಗನೊಬ್ಬನದಲ್ಲ. ಒಂದು ಗಂಟೆಯಲ್ಲಿ ಎಷ್ಟು ದೂರ ಹೋಗಬಹುದೆಂಬ ಸಾಹಸದಲ್ಲಿ ಬೆಲ್ಜಿಯಂ ದೇಶದ ಎಡ್ಡಿ ಮರ್ಕ್ಸನು 1972ರಲ್ಲಿ ಮೆಕ್ಸಿಕೋ ನಗರದಲ್ಲಿ, ಕಡ್ಡಿಗಾಲಿಯ ಸೈಕಲ್ಲಿನ ಮೇಲೆ 49.431 ಕಿಲೋಮೀಟರು ಕ್ರಮಿಸಿದನು. 1984ರಲ್ಲಿ ಅದೇ ನಗರದಲ್ಲಿ ಇಟಲಿಯ ಫ್ರಾಂಚೆಸ್ಕೋ ಮೋಸರನು ತಟ್ಟೆಯಂತೆ ಮುಚ್ಚಿದ ಗಾಲಿಗಳನ್ನು ತೊಡಿಸಿ 51.151ಕ್ಕೆ ಏರಿಸಿದನು. 1996ರಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ನನು ತೋಳುಗಳನ್ನು ಮುಂದಕ್ಕೆ ನೀಡಿ, ಹಾರುವವನಂತೆ ಮೈಚಾಚಿ 56.375 ಕಿಲೋಮೀಟರು ಹೋದನು. ಆಮೇಲೆ ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವು ಹಿಂದಿರುಗಿ ನೋಡಿ, ಮರ್ಕ್ಸನ ಕಾಲದ ಬಗೆಯ ಸೈಕಲ್ಲಿನ ಮೇಲೆ ಮಾಡಿದುದನ್ನೇ ದಾಖಲೆಯೆಂದು ಎಣಿಸತಕ್ಕದ್ದೆಂದಿತು. ಅದೇ ಬೋರ್ಡ್‌ಮನ್ನನು 2000ದಲ್ಲಿ ಹಳೆಯ ಬಗೆಯ ಸೈಕಲ್ಲನ್ನೇರಿ 49.441 ಕಿಲೋಮೀಟರು ಹೋದನು. ಮರ್ಕ್ಸನಿಗಿಂತ ಬರಿಯ 10 ಮೀಟರು ಮುಂದೆ! ಒಬ್ಬನೇ ಮನುಷ್ಯನು, ನಡುವೆ ಏಳು ಕಿಲೋಮೀಟರುಗಳ ಅಂತರ. ನಾಲ್ಕು ವರ್ಷಗಳ ವಯೋಭೇದವನ್ನು ಕಳೆದರೂ ಉಳಿದುದರಲ್ಲಿ ಬಹುಭಾಗವು ಭಂಗಿಗೂ ಸಾಧನಕ್ಕೂ ಸೇರತಕ್ಕದ್ದು. 2014ರಲ್ಲಿ ಒಕ್ಕೂಟವು ಆ ಭೇದವನ್ನು ಕೈಬಿಟ್ಟಿತು. ತೀರ್ಪು ಎರಡು ಸಲ ಬದಲಾಯಿತೆಂದು ನಗುವುದು ಸುಲಭ. ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಹೇಳುವುದು ಸುಲಭವಲ್ಲ. 1948ರಲ್ಲಿ ಆರಂಭವಾದ ಜಪಾನಿನ ಕೇರಿನ್ ಪಂದ್ಯಗಳಲ್ಲಿ ಎಲ್ಲರೂ ಒಪ್ಪಿತವಾದ ಒಂದೇ ಬಗೆಯ ಉಕ್ಕಿನ ಸೈಕಲ್ಲುಗಳನ್ನೇ ಏರುವುದು ರೂಢಿ. ಅಲ್ಲಿ ಜನರು ಜೂಜಿಗೆ ಹಣ ಕಟ್ಟುತ್ತಾರೆ; ಆದುದರಿಂದ ಸಮತ್ವವು ಬೇಕಾಯಿತು! ಹದಿನೇಳರ ಮಕ್ಕಳ ಪಂದ್ಯಕ್ಕೆ ಅಷ್ಟು ಸಮತ್ವವಾದರೂ ಬೇಡವೆ?

ಮಹಾಭಾರತದ ಮೌಸಲಪರ್ವದಲ್ಲಿ ದ್ವಾರಕೆಯ ಸ್ತ್ರೀಯರನ್ನು ಕರೆತರುವ ಅರ್ಜುನನನ್ನು ಆಭೀರರು ಅಡ್ಡಗಟ್ಟುವರು. ಬಿಲ್ಲು ಗಾಂಡೀವವೇ, ಹಿಡಿದವನು ಅರ್ಜುನನೇ. ಹೆದೆಯೇರಿಸುವುದೇ ಕಷ್ಟವಾಯಿತು, ಅಸ್ತ್ರಗಳು ನೆನಪಿಗೆ ಬರಲಿಲ್ಲ, ದೊಣ್ಣೆ ಹಿಡಿದ ದರೋಡೆಗಾರರು ಗೆದ್ದರು. ಅಲ್ಲಿ ಕರಣವು ಇದ್ದಂತೆಯೇ ಇದ್ದು ಕರ್ತೃವು ಬತ್ತಿಹೋಗಿದ್ದನು. ಗಾಲಿಯನ್ನು ಕೊಳ್ಳಹೊರಟವನು ಈ ಪ್ರಸಂಗವನ್ನು ಒಮ್ಮೆ ಓದುವುದು ಒಳ್ಳೆಯದು.

ಹಾಗೆಂದು ಗಾಲಿಯ ಲಾಭವು ಸುಳ್ಳಲ್ಲ. ಆದರೆ ಅದರ ಅಳತೆಯನ್ನು ತಿಳಿಯಬೇಕು. ಗಾಳಿಯ ತಡೆಯಲ್ಲಿ ಬಹುಪಾಲು, ಸುಮಾರು ಮುಕ್ಕಾಲು, ಸವಾರನ ಮೈಯದೇ. ಬೆನ್ನು ಬಾಗಿಸಿ ಮೊಣಕೈಗಳನ್ನು ಒಳಗೆಳೆದುಕೊಂಡು ಒಂದು ಗಂಟೆ ತಾಳಿಕೊಳ್ಳುವ ಅಭ್ಯಾಸಕ್ಕೆ ಬೆಲೆ ಕೊಡಬೇಕಾಗಿಲ್ಲ; ಅದು ಕೊಡುವ ಲಾಭವು ಲಕ್ಷದ ಗಾಲಿಯದಕ್ಕಿಂತ ದೊಡ್ಡದು. ಜಾತ್ರೆಯ ಶರ್ಯತ್ತಿನಲ್ಲಿ ಅಂಗಿ ಪಟಪಟನೆ ಹಾರಿಸುತ್ತ ಹೋಗುವವನು ಗಾಲಿಯನ್ನು ದೂರುವುದು ಹಾಸ್ಯಾಸ್ಪದ. ಕೊಳ್ಳುವುದೇ ಆದರೆ ಆಳವಾದುದೇ ಉತ್ತಮವೆಂಬುದೂ ಭ್ರಮೆ. ರಿಮ್ಮು ಆಳವಾದಷ್ಟೂ ಅಡ್ಡಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುವುದು. ಐವತ್ತು ಕಿಲೋ ತೂಗುವ ಹುಡುಗನಿಗೆ ಮೂಡಲಗಿಯ ಬಯಲಿನ ಗಾಳಿಯಲ್ಲಿ ಮುಂದಿನ ಗಾಲಿ ಕೈಯಿಂದ ಜಾರಿಹೋದೀತು. ಮುಂದಿನದು ಕಿರಿದು, ಹಿಂದಿನದು ಆಳ ಎಂಬ ಜೋಡಣೆಯು ಅಂಥವನಿಗೆ ಮೇಲು. ಸಾಮೂಹಿಕ ರಸ್ತೆಪಂದ್ಯಗಳಲ್ಲಿ 65 ಮಿಲಿಮೀಟರಿಗಿಂತ ಆಳವಾದ ರಿಮ್ಮು ಕೂಡದೆಂದು ಒಕ್ಕೂಟವು 2026ರಿಂದ ನಿಯಮ ಮಾಡಿದೆ. ಇನ್ನು ಕಬ್ಬು ನುರಿಸುವ ಕಾಲದಲ್ಲಿ ಟ್ರ್ಯಾಕ್ಟರುಗಳು ಕೆಡಹಿದ ಕಬ್ಬೂ ಕೆಸರೂ ತಗ್ಗುಗಳೂ ತುಂಬಿದ ನಮ್ಮ ದಾರಿಗಳಿಗೆ ಅಗಲವಾದ ಟಾಯರೂ ಮಿತವಾದ ಗಾಳಿಯೂ ಬೇಕು. ಟಾಯರಿನ ಅಂಚನ್ನು ಕಚ್ಚಿಹಿಡಿಯುವ ಕೊಕ್ಕೆಯಿಲ್ಲದ ರಿಮ್ಮಾದರೆ 72 ಪೌಂಡಿನ ಒತ್ತಡವನ್ನು ದಾಟಲೇ ಕೂಡದು.

ಕೊಂಡವನ ಧರ್ಮವು ಅಲ್ಲಿಗೆ ತೀರುವುದಿಲ್ಲ. ಚಕ್ಕಡಿಯ ಗಾಲಿ ಸಡಿಲಿದರೆ ಕಿರುಗುಟ್ಟಿ ತಿಳಿಸುವುದು. ಅಲ್ಯೂಮಿನಿಯಮ್ಮಿನ ರಿಮ್ಮು ಪೆಟ್ಟುಬಿದ್ದರೆ ಸೊಟ್ಟಗಾಗಿ ತಿಳಿಸುವುದು. ಕಾರ್ಬನ್ನು ಬಾಗುವುದಿಲ್ಲ, ಒಳಗೊಳಗೇ ಪದರ ಬಿಟ್ಟು, ಒಂದು ದಿನ ಮುನ್ಸೂಚನೆಯಿಲ್ಲದೆ ಒಡೆಯುವುದು. ರಿಮ್ಮನ್ನೇ ಹಿಡಿಯುವ ಬ್ರೇಕಿನ ಗಾಡಿಯಾದರೆ ಅದಕ್ಕೆಂದೇ ಮಾಡಿದ ಬ್ರೇಕಿನ ರಬ್ಬರುಗಳನ್ನೇ ಹಾಕಬೇಕು. ಲೋಹದ ರಿಮ್ಮಿನ ಮೇಲೆ ಸವೆದ ರಬ್ಬರಿನಲ್ಲಿ ಲೋಹದ ಚೂರುಗಳು ಸಿಕ್ಕಿಕೊಂಡಿದ್ದು ಕಾರ್ಬನ್ನನ್ನು ಗೀರುವುವು. ಫಾಲ್ಸಿನ ಕಡೆಯಿಂದ ಗೋಕಾಕಕ್ಕೆ ಇಳಿಯುವಷ್ಟಕ್ಕೆ ಭಯವಿಲ್ಲ. ಆಂಬೋಲಿಯಂತಹ ಘಟ್ಟದಲ್ಲಿ ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಕಾವೇರಿ ಅಂಟು ಮೆತ್ತಗಾಗಿ ರಿಮ್ಮು ಉಬ್ಬುವುದುಂಟು. ಆದುದರಿಂದ ಬಿಟ್ಟುಬಿಟ್ಟು ಹಿಡಿಯಬೇಕು. ತಟ್ಟೆಬ್ರೇಕಿನ ಗಾಡಿಗೆ ಈ ತೊಂದರೆಯಿಲ್ಲ.

ಇದೆಲ್ಲ ತನ್ನ ಮೈಯ ರಕ್ಷಣೆಯ ಮಾತಾಗಿದ್ದರೆ ನೀತಿಯಲ್ಲಿ ಸೇರಿಸಬೇಕಾಗಿರಲಿಲ್ಲ. ಪಂದ್ಯದಲ್ಲಿ ಹತ್ತಾರು ಮಂದಿ ಒಬ್ಬರ ಹಿಂದೆ ಒಬ್ಬರು ಗೇಣಿನ ಅಂತರದಲ್ಲಿ ಹೋಗುವರು. ಮುಂದಿನವನ ಗಾಲಿ ಒಡೆದರೆ ಹಿಂದಿನವರ ಎಲುಬು ಮುರಿಯುವುದು. ಗೆಲುವಿನಲ್ಲಿ ಕರ್ತೃವಾಗಲು ಬಯಸುವವನು ಈ ಬೀಳುವಿಕೆಯಲ್ಲಿಯೂ ಕರ್ತೃವೇ. ಆಗ ಗಾಲಿಯನ್ನು ಮುಂದೆ ನಿಲ್ಲಿಸಿ ತಾನು ಮರೆಯಾಗಲು ಬಾರದು. ಪೆಟ್ಟುಬಿದ್ದ ರಿಮ್ಮಿನ ಬಿರುಕಿನ ಮೇಲೆ ಚೀಟಿ ಅಂಟಿಸಿ, ಅರ್ಧ ಬೆಲೆಗೆ ಒಬ್ಬ ಬಡ ಹುಡುಗನಿಗೆ ಮಾರುವುದಂತೂ ವಂಚನೆಗಿಂತ ಹೆಚ್ಚಿನದು. ಬಾವಿಯ ಬಾಯಿಗೆ ಹುಲ್ಲು ಹೊದಿಸಿದಂತೆ.

ಮೂಡಲಗಿಯ ಆ ತಂದೆಯು ಮೊದಲು ಮಗಳ ಶುಲ್ಕವನ್ನು ಕಟ್ಟತಕ್ಕದ್ದು. ಇದು ಆಟವನ್ನು ಹಳಿದುದಲ್ಲ. ಕಾಲೇಜಿನ ಗಡುವು ಕಾಯುವುದಿಲ್ಲ. ಹುಡುಗನ ಬೆನ್ನಾದರೋ ಇನ್ನೂ ಬಾಗುವುದನ್ನು ಕಲಿಯಬೇಕಾಗಿದೆ. ಮುಂದಿನ ವರ್ಷ ಅವನ ಸೋಲು ಕೆಲವೇ ಸೆಕೆಂಡುಗಳಿಗೆ ಇಳಿದರೆ ಅವನ ದೂರಿಗೆ ಅರ್ಥ ಬರುವುದು. ಆಗಲೂ ಒಂದೇ ಮನೆ ಸಾಲ ಮಾಡಬೇಕೇಕೆ? ನಾಲ್ಕು ಮನೆಗಳ ಹುಡುಗರು ಕೂಡಿ ಒಂದು ಜೊತೆಯನ್ನು ಕೊಂಡು, ಪಂದ್ಯದ ದಿನ ಸರದಿಯಂತೆ ತೊಡಿಸಬಹುದು. ಹಿಂದಿನ ಸಂಜೆ, ಮರುದಿನ ಏರದಿರುವವನೊಬ್ಬನು ಗಾಲಿಯನ್ನು ಮೊಣಕಾಲ ಮೇಲಿಟ್ಟು, ನಾಣ್ಯದಿಂದ ರಿಮ್ಮಿನ ಸುತ್ತಲೂ ಅಂಗುಲ ಅಂಗುಲಕ್ಕೆ ಬಡಿದು ಕಿವಿಗೊಡಬೇಕು. ಎಲ್ಲೆಡೆಯೂ ಒಂದೇ ಬಗೆಯ ಗಡುಸಾದ ನಾದ ಹೊರಟರೆ ಕೊಡಬಹುದು. ಎಲ್ಲಿಯಾದರೂ ಹುಳುಕು ಮರದಂತೆ ಬೊದ್ದ ಸದ್ದು ಕೇಳಿಬಂದರೆ, ಪಂದ್ಯವು ಎಷ್ಟೇ ದೊಡ್ಡದಾಗಿರಲಿ, ಹಳೆಯ ಗಾಲಿಯನ್ನೇ ತೊಡಿಸಿ ಕಳುಹಿಸಬೇಕು.