ದೂರುವವನ ಹೆಸರು

ಅಡಿಕೆ ಸುಲಿಯುವ ಕಾಲ ಬಂತೆಂದರೆ ನಮ್ಮ ಹುಲೇಕಲ್ ಕಡೆಯ ಮನೆಗಳ ಅಂಗಳದಲ್ಲಿ ನಡುರಾತ್ರಿಯವರೆಗೂ ದೀಪ ಆರುವುದಿಲ್ಲ. ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತವರ ನಡುವೆ ಸಿಪ್ಪೆಯ ರಾಶಿ ಏರುತ್ತಿರುತ್ತದೆ. ಒಂದು ಬದಿಯಲ್ಲಿ ಹಂಡೆ ಕುದಿಯುತ್ತಿರುತ್ತದೆ. ಮಾತು ಎಲ್ಲೆಲ್ಲಿಗೋ ಹೋಗಿ ಕೊನೆಗೆ ಚೌಡಿ, ಜಟಕ, ಭೂತಪ್ಪನ ಕಟ್ಟೆಯ ಹತ್ತಿರ ಯಾರೋ ಕಂಡ ಬೆಳಕು, ಇಂಥಲ್ಲಿಗೆ ಬಂದು ನಿಲ್ಲುತ್ತದೆ. ದೆವ್ವದ ಕಥೆಗಳನ್ನೆಲ್ಲ ನಾನು ಕೇಳಿದ್ದು ಆ ಅಂಗಳದಲ್ಲೇ. ದೆವ್ವವನ್ನು ಹತ್ತಿರದಿಂದ ಕಂಡದ್ದೂ ಅಲ್ಲೇ. ಅದು ಕಥೆಯಲ್ಲಿ ಬರುವ ಹಾಗೆ ಇರಲಿಲ್ಲ.

ಮೂವತ್ತು ವರ್ಷ ಹಿಂದಿನ ಮಾತು. ಆ ವರ್ಷ ಸುಲಿಯಲು ಬಂದವರಲ್ಲಿ ಯಲ್ಲಾಪುರ ಕಡೆಯ ಒಬ್ಬ ಸಿದ್ದಿ ಹೆಂಗಸಿದ್ದಳು. ಕ್ರೈಸ್ತಳು. ಕೈ ಬಹಳ ಚುರುಕು, ಮಾತು ಕಡಿಮೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದರ ಹಿಂದೊಂದು ತೊಂದರೆ. ಅಪ್ಪಯ್ಯನಿಗೆ ಜ್ವರ ಬಿಡುತ್ತಿರಲಿಲ್ಲ, ಕರು ಸತ್ತಿತು, ಕೊನೆಗೆ ಆಯಿಯ ಸರ ಕಾಣೆಯಾಯಿತು. "ಯಾರೋ ಎಂತದೋ ಮಾಡ್ಸಿದ್ದ, ಇಲ್ದಿದ್ರೆ ಹಿಂಗೆ ಒಂದ್ರ ಮೇಲೊಂದು ಬರ್ತಿತ್ತಿಲ್ಲೆ" ಎಂದಳು ಆಯಿ. ನೋಟ ನೋಡುವವರೊಬ್ಬರ ಹತ್ತಿರ ಕೇಳಿಸಿದ್ದಾಯಿತು. ಹೊರಗಿನವರೊಬ್ಬರು ಒಳಗೆ ಬಂದಿದ್ದಾರೆ ಎಂದರಂತೆ. ಅಷ್ಟೇ ಸಾಕಾಯಿತು. ಆಗ ನನಗೆ ಇಪ್ಪತ್ತೆರಡು, ಧಾರವಾಡದಲ್ಲಿ ಓದಿ ಬಂದವನು, ಮಾಟ-ಮಂತ್ರ ನಂಬದವನು. ಆದರೂ ಅಂಗಳದಲ್ಲಿ ಎಲ್ಲರೆದುರು ಅವಳ ಚೀಲ ಕೊಡವಲು ಹೇಳಿದವನು ನಾನೇ.

ಸರ ಬೀಳಲಿಲ್ಲ. ಒಂದು ಸೀರೆ, ಎಲೆ-ಅಡಿಕೆಯ ಸಂಚಿ, ಜಪಮಣಿಯ ಸರ (ಕೊಂಕಣಿ ಮಾತಾಡುವ ಕ್ರೈಸ್ತರು ಅದರ ಪ್ರಾರ್ಥನೆಗೆ ತೇರ್ಸ್ ಅನ್ನುತ್ತಾರೆ), ಮತ್ತೆ ಔಷಧದ ಹಳೇ ಬಾಟಲಿಯೊಂದರಲ್ಲಿ ನೀರು. ಆ ಬಾಟಲಿ ಕಂಡದ್ದೇ ಅಂಗಳದಲ್ಲಿ ಗುಜುಗುಜು ಎದ್ದಿತು. ಇದೇ ನೋಡು, ಇದನ್ನೇ ಹಾಕಿದ್ದು ಎಂದರು. ಈಸ್ಟರ್ ಹಿಂದಿನ ರಾತ್ರಿ ಇಗರ್ಜಿಯಲ್ಲಿ ಮಂತ್ರಿಸಿದ ನೀರನ್ನು ಕ್ಯಾಥೋಲಿಕರು ಮನೆಗೆ ಒಯ್ದು ಇಟ್ಟುಕೊಳ್ಳುತ್ತಾರೆ, ಕೇಡು ಹತ್ತಿರ ಬಾರದಿರಲಿ ಎಂದು ಚಿಮುಕಿಸಿಕೊಳ್ಳುತ್ತಾರೆ ಎಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕೆಡುಕಿನಿಂದ ಕಾಯಲೆಂದು ಅವಳು ಇಟ್ಟುಕೊಂಡದ್ದೇ ಅವಳು ಕೆಡುಕಿಯೆಂಬುದಕ್ಕೆ ಸಾಕ್ಷಿಯಾಯಿತು. ಅವಳು ಏನೂ ಅನ್ನದೆ ಚೀಲ ತುಂಬಿಕೊಂಡು ಕತ್ತಲೆಯಲ್ಲೇ ಹೊರಟುಹೋದಳು. ನಾಲ್ಕನೇ ದಿನ ಬಚ್ಚಲೊಲೆಯ ಬೂದಿ ತೆಗೆಯುವಾಗ ಸರ ಸಿಕ್ಕಿತು.

ಕ್ರೈಸ್ತರ ಸೈತಾನನ ಬಗ್ಗೆ ನಾನು ಓದತೊಡಗಿದ್ದು ಈ ಕಾರಣಕ್ಕೆ, ಭಕ್ತಿಗಲ್ಲ. ಅಷ್ಟು ಗಟ್ಟಿಯಾಗಿ ನಂಬುವ ಅವಳು ಯಾರಿಗೆ ಹೆದರಿ ಆ ಬಾಟಲಿ ಇಟ್ಟುಕೊಂಡಿದ್ದಳು ಎಂದು ತಿಳಿಯಬೇಕಿತ್ತು.

ಮೊದಲು ಸಿಕ್ಕಿದ್ದೇ ಕೊಂಬು-ಬಾಲದ ಚಿತ್ರ ಅಳಿಸಿಹಾಕುವಂಥದ್ದು. ಹೀಬ್ರೂ ಭಾಷೆಯಲ್ಲಿ 'ಸಾತಾನ್' ಎಂದರೆ ಎದುರಾಳಿ, ದೂರು ಹೊರಿಸುವವನು. ಯೋಬನ ಗ್ರಂಥದಲ್ಲೂ ಜೆಕರ್ಯನ ಗ್ರಂಥದಲ್ಲೂ ಅವನು ದೇವರ ಆಸ್ಥಾನದ ಸರಕಾರಿ ವಕೀಲನ ಹಾಗೆ ನಿಂತಿರುತ್ತಾನೆ. ಒಬ್ಬನ ಮೇಲೆ ಬೆರಳು ತೋರಿಸುವುದು ಅವನ ಕೆಲಸ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅವನು 'ದಿಯಾಬೊಲೊಸ್'. ಅದರ ಅರ್ಥ ಇನ್ನೂ ಸಣ್ಣದು, ನಮ್ಮ ಕನ್ನಡದಲ್ಲಿ ಹೇಳುವುದಾದರೆ ಚಾಡಿಕೋರ. ಇದಕ್ಕೆದುರಾಗಿ ಯೋಹಾನನ ಸುವಾರ್ತೆ ಪವಿತ್ರಾತ್ಮನಿಗೆ ಕೊಡುವ ಹೆಸರು 'ಪಾರಾಕ್ಲೇತೊಸ್', ಆಪಾದನೆ ಹೊತ್ತವನ ಪಕ್ಕದಲ್ಲಿ ನಿಲ್ಲಲು ಕರೆಸಿಕೊಂಡವನು. ಎರಡೂ ಕೋರ್ಟಿನ ಮಾತುಗಳೇ. ಫ್ರೆಂಚ್ ಚಿಂತಕ ರೆನೆ ಜಿರಾರ್ ಈ ಜೋಡಿಯನ್ನು ಹಿಡಿದುಕೊಂಡೇ ಬಹಳ ಬರೆದಿದ್ದಾರೆ. ಊರಿಗೆ ಸಂಕಟ ಬಂದಾಗ ಎಲ್ಲರೂ ಸೇರಿ ಒಬ್ಬರನ್ನು ಗುರಿಮಾಡುತ್ತಾರೆ, ಆ ಒಗ್ಗಟ್ಟಿನಲ್ಲೇ ಊರಿಗೆ ಸಮಾಧಾನ ಸಿಗುತ್ತದೆ, ಹಾಗೆ ಗುರಿಮಾಡುವ ಶಕ್ತಿಗೆ ಬೈಬಲ್ ಕೊಟ್ಟ ಹೆಸರೇ ಸೈತಾನ ಎಂಬುದು ಅವರ ವಾದ. ಓದುವಾಗ ನನಗೆ ಕಂಡದ್ದು ನಮ್ಮ ಅಂಗಳ. ಆವತ್ತು ಅಲ್ಲಿ ದೆವ್ವ ಇದ್ದದ್ದು ನಿಜ. ಅದು ಬಾಟಲಿಯೊಳಗಿರಲಿಲ್ಲ, ಚೀಲ ಕೊಡವು ಎಂದ ಬಾಯಲ್ಲಿತ್ತು.

ಹೀಗೆಂದರೆ ಸೈತಾನ ಬರಿಯ ಮನುಷ್ಯನ ದುರ್ಗುಣದ ಹೆಸರು ಎಂದಾಗುವುದಿಲ್ಲವೇ? ವಿದ್ಯಾವಂತರಿಗೆ ಇದು ಹಿಡಿಸುವ ಉತ್ತರ. ಕ್ರೈಸ್ತ ನಂಬಿಕೆ ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಕೆಡುಕಿಗೆ ಸ್ವಂತ ಇರವಿಲ್ಲ, ಅದು ಒಳಿತಿನ ಕೊರತೆ ಮಾತ್ರ ಎಂದ ಅಗಸ್ಟಿನ್ ಕೂಡ ಬಿದ್ದ ದೇವದೂತರನ್ನು ನಂಬಿದವನೇ. ಕರ್ತನ ಪ್ರಾರ್ಥನೆಯ ಕೊನೆಯ ಬೇಡಿಕೆಯಲ್ಲಿರುವ ಗ್ರೀಕ್ ಪದವನ್ನು 'ಕೇಡು' ಎಂದೂ ಓದಬಹುದು, 'ಕೇಡುಗ' ಎಂದೂ ಓದಬಹುದು. ಹೊರಗಿನ ಒಬ್ಬ ಇದ್ದಾನೆ ಎನ್ನುವುದರಲ್ಲಿ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ಅಪಾಯ ಎಲ್ಲರಿಗೂ ಗೊತ್ತಿರುವುದೇ: 'ನಾನಲ್ಲ, ಸೈತಾನ ಮಾಡಿಸಿದ' ಎಂದು ತಪ್ಪಿಸಿಕೊಳ್ಳಬಹುದು. ಅನುಕೂಲ ನನಗೆ ನಿಧಾನವಾಗಿ ಅರ್ಥವಾಯಿತು. ಆವತ್ತಿನ ನನ್ನ ಮಾತು ನನ್ನೊಬ್ಬನ ದುರ್ಗುಣದಿಂದ ಬಂದದ್ದಲ್ಲ. ಮಾಟ ನಂಬದ ನಾನು, ನಂಬುವ ಆಯಿ, ಏನೂ ತಿಳಿಯದ ಕೆಲಸದವರು, ಎಲ್ಲರನ್ನೂ ಒಂದೇ ಕಡೆ ತಿರುಗಿಸಿದ್ದು ನಮ್ಮೆಲ್ಲರಿಗಿಂತ ಹಳೆಯದಾದ ಯಾವುದೋ ಒಂದು. ಎಫೆಸದವರಿಗೆ ಬರೆದ ಪತ್ರದಲ್ಲಿ ಹೋರಾಟ ರಕ್ತಮಾಂಸದ ಮನುಷ್ಯರೊಂದಿಗಲ್ಲ, ಅಧಿಕಾರಗಳೊಂದಿಗೆ, ಕತ್ತಲೆಯ ಶಕ್ತಿಗಳೊಂದಿಗೆ ಎಂಬ ಅರ್ಥದ ಮಾತಿದೆ. ಅಮೆರಿಕದ ವಾಲ್ಟರ್ ವಿಂಕ್ 1984ರಲ್ಲಿ ತಂದ ಪುಸ್ತಕದಲ್ಲಿ ಈ 'ಅಧಿಕಾರಗಳು' ಎಂದರೆ ಸಂಸ್ಥೆಗಳ, ವ್ಯವಸ್ಥೆಗಳ ಒಳಗಿನ ಆತ್ಮವೇ ಎಂದು ಓದಿದರು. ಜಾತಿಗೂ ಇಂಥದೊಂದು ಆತ್ಮವಿದೆ ಎಂದು ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕ್ರೈಸ್ತರ ಚರಿತ್ರೆಯೂ ಇದರಿಂದ ತಪ್ಪಿಸಿಕೊಂಡಿಲ್ಲ. ಆ ಹೆಂಗಸಿನ ಪೂರ್ವಿಕರು ಇಲ್ಲಿಗೆ ಬಂದ ದಾರಿಯನ್ನೇ ನೋಡಬೇಕು. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನು ಹಡಗಿನಲ್ಲಿ ಗೋವೆಗೆ ತಂದರು, ಅವರಿಗೆ ದೀಕ್ಷಾಸ್ನಾನವನ್ನೂ ಕೊಟ್ಟರು. ತಪ್ಪಿಸಿಕೊಂಡವರಲ್ಲಿ ಎಷ್ಟೋ ಮಂದಿ ನಮ್ಮ ಘಟ್ಟದ ಕಾಡು ಸೇರಿದರು. ದೀಕ್ಷಾಸ್ನಾನದ ವಿಧಿಯಲ್ಲಿ ಸೈತಾನನನ್ನೂ ಅವನ ಕಾರ್ಯಗಳನ್ನೂ ತೊರೆಯುತ್ತೀಯಾ ಎಂದು ಕೇಳುವ ಪದ್ಧತಿ ಹಳೆಯದು. ಕೇಳಿದವನು ಒಡೆಯ, ಉತ್ತರಿಸಬೇಕಾದವನು ಸಂಕೋಲೆಯವನು. ಅದೇ ಗೋವೆಯಲ್ಲಿ 1560ರಿಂದ ನಡುವೆ ಕೆಲವು ವರ್ಷ ಬಿಟ್ಟು 1812ರವರೆಗೆ ಇನ್‌ಕ್ವಿಸಿಷನ್ ನ್ಯಾಯಮಂಡಳಿ ಕೂತಿತ್ತು, ಮತಾಂತರಗೊಂಡವರ ಮನೆಯಲ್ಲಿ ಹಳೆಯ ದೇವರ ಗುರುತು ಉಳಿದಿದೆಯೇ ಎಂದು ಹುಡುಕುತ್ತ. ಸೈತಾನನನ್ನು ಅಷ್ಟು ಶ್ರದ್ಧೆಯಿಂದ ಇನ್ನೊಬ್ಬರ ಮನೆಯಲ್ಲಿ ಅರಸಿದವರ ಕಣ್ಣಿಗೆ ಬಂದರಿನಲ್ಲಿ ನಿಂತ ಹಡಗು ಕಾಣಲಿಲ್ಲ. ಮುಂದೆ ತುಳುನಾಡಿನ ಭೂತಾರಾಧನೆಯನ್ನು ಇಂಗ್ಲಿಷಿನಲ್ಲಿ ದೆವ್ವದ ಪೂಜೆ ಎಂದು ಕರೆದ ವಿದ್ವಾಂಸರ ಕಣ್ಣೂ ಇಂಥದ್ದೇ. ಸಿದ್ದಿಗಳು ಮಾತ್ರ ಈ ಗೆರೆಗಳನ್ನು ಅಷ್ಟು ಲೆಕ್ಕಕ್ಕಿಟ್ಟಂತಿಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದ ಸಿದ್ದಿಗಳಲ್ಲಿ 'ಹಿರಿಯರ' ಪೂಜೆ ಉಳಿದುಬಂದಿದೆ. ತೀರಿಕೊಂಡ ಅಜ್ಜ-ಅಜ್ಜಿಯರನ್ನು ಅವರು ದೆವ್ವವಾಗಲು ಬಿಡಲಿಲ್ಲ.

ಇಲ್ಲಿ ಸೋದೆಯ ನೆನಪು ಬಾರದೆ ಇರುವುದಿಲ್ಲ. ನಮ್ಮೂರಿಗೆ ಅದು ಹೆಚ್ಚು ದೂರವಲ್ಲ. ವಾದಿರಾಜರನ್ನು ದಾರಿಯಲ್ಲಿ ತಡೆದು ಒಗಟು ಕೇಳಿದ ಬ್ರಹ್ಮರಾಕ್ಷಸ ಉತ್ತರಕ್ಕೆ ಸೋತು ಅವರ ಸೇವಕನಾದ, ಭೂತರಾಜನಾಗಿ ಇಂದಿಗೂ ಮಠದ ಕಾವಲಿಗಿದ್ದಾನೆ ಎಂಬುದು ಐತಿಹ್ಯ. ನಮ್ಮಲ್ಲಿ ಕೆಡುಕನ್ನು ಗೆದ್ದು ಕೆಲಸಕ್ಕೆ ಹಚ್ಚುತ್ತಾರೆ. ಚೌಡಿಗೂ ವರ್ಷಕ್ಕೊಮ್ಮೆ ಕೊಡುವುದು ಕೊಟ್ಟರೆ ತೋಟ ಕಾಯುತ್ತಾಳೆ. ಕ್ರೈಸ್ತರಲ್ಲಿ ಇಂಥ ಒಪ್ಪಂದಕ್ಕೆ ಜಾಗವಿಲ್ಲ. ಮೂರನೇ ಶತಮಾನದ ಒರಿಗೆನ್ ಕೊನೆಗೊಮ್ಮೆ ಎಲ್ಲವೂ ದೇವರಿಗೆ ಮರಳಿ ಸೇರುತ್ತದೆಂದು ಯೋಚಿಸಿದ್ದ. ಸೈತಾನನಿಗೂ ಬಿಡುಗಡೆ ಇದೆಯೆಂಬ ಅರ್ಥ ಅದಕ್ಕೆ ಹತ್ತಿಕೊಂಡು, ಮುಂದೆ ಸಭೆ ಅದನ್ನು ತಳ್ಳಿಹಾಕಿತು. ನನಗೆ ಸೋದೆಯ ದಾರಿಯೇ ಹೆಚ್ಚು ಇಷ್ಟ. ಆದರೆ ಮರುಭೂಮಿಯಲ್ಲಿ ಉಪವಾಸ ಕೂತ ಯೇಸುವಿಗೆ ಸೈತಾನ ಮುಂದಿಟ್ಟದ್ದು ಒಪ್ಪಂದವನ್ನೇ. ರೊಟ್ಟಿ, ಪವಾಡ, ರಾಜ್ಯ. ಕೊನೆಯದಂತೂ ನೇರ ವ್ಯಾಪಾರ, ಒಮ್ಮೆ ಅಡ್ಡಬಿದ್ದರೆ ಭೂಮಿಯ ಆಳ್ವಿಕೆಯೆಲ್ಲ ನಿನ್ನದು ಎಂದು. ಗುಲಾಮರ ಹಡಗನ್ನು ನೆನೆದಾಗ, ಆ ವ್ಯಾಪಾರಕ್ಕೆ ಆಮೇಲೆ ಒಪ್ಪಿದವರು ಎಷ್ಟು ಮಂದಿ ಎನಿಸುತ್ತದೆ. ಕೆಲವು ಒಪ್ಪಂದಗಳನ್ನು ಮಾಡಿಕೊಳ್ಳಲೇಬಾರದು ಎಂಬುದನ್ನು ಅವರ ಕಥೆ ನಮ್ಮದಕ್ಕಿಂತ ಖಡಾಖಂಡಿತವಾಗಿ ಹೇಳುತ್ತದೆ.

ಹಾಗಾದರೆ ನಂಬುವವರು ಎದುರಿಸುವುದು ಹೇಗೆ? ಸಿನಿಮಾದವರಿಗೆ ಗೊತ್ತಿರುವುದು ದೆವ್ವ ಬಿಡಿಸುವುದೊಂದೇ. ಕ್ಯಾಥೋಲಿಕ್ ಸಭೆಯಲ್ಲಿ ಬಿಷಪರ ಅಪ್ಪಣೆಯಿಲ್ಲದೆ ಯಾವ ಪಾದ್ರಿಯೂ ಅದನ್ನು ಮಾಡುವಂತಿಲ್ಲ, ಮೊದಲು ಕಾಯಿಲೆಯಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ದಿನನಿತ್ಯದ ದಾರಿ ಬೇರೆ. ಎಫೆಸದ ಪತ್ರದ ಆಯುಧಗಳ ಪಟ್ಟಿ ನೋಡಿದರೆ ನಡುಕಟ್ಟು, ಎದೆಕವಚ, ಕೆರ, ಗುರಾಣಿ, ಶಿರಸ್ತ್ರಾಣ ಎಲ್ಲವೂ ಕಾಯ್ದುಕೊಳ್ಳುವಂಥವು. ಹೊಡೆಯುವುದು ಕತ್ತಿಯೊಂದೇ, ಅದೂ ದೇವರ ಮಾತು. ಪಟ್ಟಿಯಲ್ಲಿ ಮೊದಲನೆಯದು ಸತ್ಯ. ಹೇಳಿದ್ದೂ ಒಬ್ಬೊಬ್ಬರಿಗಲ್ಲ, ಬಹುವಚನದಲ್ಲಿ, ಎಲ್ಲರಿಗೂ ಒಟ್ಟಾಗಿ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ದೆವ್ವಗಳು ಮನಸ್ಸಿಗೆ ತರುವ ಎಂಟು ಬಗೆಯ ಯೋಚನೆಗಳನ್ನು ಪಟ್ಟಿಮಾಡಿದ್ದ. ನಮ್ಮ ಅರಿಷಡ್ವರ್ಗದ ಮೋರೆಯೇ. ಸಿಟ್ಟೂ ಅದರಲ್ಲೊಂದು. ಎಫೆಸದ ಪತ್ರದಲ್ಲೇ ಇನ್ನೊಂದು ಕಡೆ, ಹೊತ್ತು ಮುಳುಗುವ ಮುಂಚೆ ಸಿಟ್ಟು ಬಿಡಬೇಕು ಎಂದು ಹೇಳಿದ ಕೂಡಲೇ ಸೈತಾನನಿಗೆ ಜಾಗ ಕೊಡಬಾರದೆಂದು ಬರುತ್ತದೆ. ಇದನ್ನು ಓದಿದಾಗ ನನಗೆ ಮೈ ಜುಂ ಎಂದಿತು, ಯಾಕೆಂದರೆ ಈ ಮಾತನ್ನು ಮೊದಲೇ ಕೇಳಿದ್ದೆ.

ಸರ ಸಿಕ್ಕಿದ ಮೇಲೆ ಅವಳಿದ್ದ ಬಿಡಾರ ಹುಡುಕಿಕೊಂಡು ಹೋಗಿದ್ದೆ. ಕೈಯಲ್ಲಿ ಬಾಕಿ ಕೂಲಿ, ಅದರ ಮೇಲೆ ಒಂದಿಷ್ಟು ಹೆಚ್ಚು ಹಣ. ಕೂಲಿಯನ್ನಷ್ಟೇ ಎಣಿಸಿ ತೆಗೆದುಕೊಂಡಳು. ಸಿಟ್ಟಾಗಿದೀಯಾ ಎಂದು ಕೇಳಿದೆ, ಎಂಥ ಪ್ರಶ್ನೆ!

"ಸಿಟ್ಟು ಬಂದಿತ್ತು ಹೆಗಡೇರೆ. ಅದ್ನ ಇಟ್ಕಂಡು ಮಲಗಿದ್ರೆ ಅವ ಒಳಗೆ ಬತ್ತಾನೆ. ಒಂದ್ಸಲ ಬಂದ್ನೋ, ಹೋಗೂದಿಲ್ಲ" ಎಂದಳು.

ನನಗೆ ಹಗುರವಾಯಿತು. ಕ್ಷಮಿಸಿಬಿಟ್ಟಳು ಎಂದುಕೊಂಡೆ. ಬಡವರ ಕ್ಷಮೆ ಒಡೆಯರಿಗೆ ಎಷ್ಟು ಅಗ್ಗವಾಗಿ ಸಿಗುತ್ತದೆ! ದ್ವೇಷ ಇಟ್ಟುಕೊಳ್ಳಬೇಡ ಎಂಬ ಉಪದೇಶ ಯಾವಾಗಲೂ ಕೆಳಗಿದ್ದವರಿಗೇ ಹೇಳುವಂಥದ್ದು ಎಂಬ ಅನುಮಾನ ನನಗೆ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಅವಳ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಸುಲಿಯಲು ಮತ್ತೆ ಬರುತ್ತೀಯಾ ಎಂದದ್ದಕ್ಕೆ, ಬರುತ್ತೇನೆ, ಚೀಲ ಕೊಡವಿದ ಜಾಗದಲ್ಲೇ, ಆವತ್ತಿದ್ದವರೆಲ್ಲ ಇರುವಾಗ, ನಾನು ಕದ್ದಿಲ್ಲ, ಏನೂ ಹಾಕಿಲ್ಲ ಎಂದು ನೀವು ಹೇಳಬೇಕು ಎಂದಳು. ಬೇಡಿಕೊಂಡದ್ದಲ್ಲ, ಸಿಟ್ಟಿನಲ್ಲಿ ಹೇಳಿದ್ದೂ ಅಲ್ಲ.

ಆಯಿ ಒಪ್ಪಲು ಎರಡು ದಿನ ಹಿಡಿಯಿತು. ಮೂರನೇ ರಾತ್ರಿ ಅವಳು ಬಂದು ತನ್ನ ಜಾಗದಲ್ಲಿ ಕೂತು ಮೆಟ್ಟುಗತ್ತಿ ಸರಿಮಾಡಿಕೊಂಡಳು. ನಾನು ಎದ್ದು ನಿಂತು, ನೆಲ ನೋಡುತ್ತ, ಹೇಳಬೇಕಾದ್ದನ್ನು ಬೇಗ ಬೇಗ ಹೇಳಿ ಮುಗಿಸಿದೆ. ಯಾರೂ ತಲೆಯೆತ್ತಲಿಲ್ಲ. ಸುಲಿಯುವ ಸದ್ದು ಮತ್ತೆ ಶುರುವಾಗುವುದರಲ್ಲಿತ್ತು.

"ಇನ್ನೊಂದ್ಸಲ ಹೇಳಿ. ಆ ಮೂಲೇಲಿ ಕೂತ ಅಜ್ಜಂಗೆ ಕೇಳಿಲ್ಲ" ಎಂದಳು.